ಕಂತು ತಪ್ಪಿದವರೆಲ್ಲ ಕಳ್ಳರಲ್ಲ

ಸಾಲದ ಕಂತು ತಪ್ಪಿಸಿದವನಿಗೆ ಬ್ಯಾಂಕಿನ ದುಡ್ಡು ಮುಟ್ಟುವ ಯೋಗ್ಯತೆ ಇಲ್ಲವಂತೆ. ಸ್ಟೇಟ್ ಬ್ಯಾಂಕಿನ ಈ ನೇಮಕಾತಿ ಷರತ್ತನ್ನು 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು. ಪರೀಕ್ಷೆ ಪಾಸಾಗಿ ನೇಮಕಾತಿ ಆದೇಶ ಪಡೆದವರೊಬ್ಬರ ಕೆಲಸ ಸಾಲದ ಚರಿತ್ರೆ ಹೇಳುವ ಸಿಬಿಲ್ ವರದಿಯಿಂದ ಹೋಯಿತು. ಸಾಲವನ್ನೆಲ್ಲ ತೀರಿಸಿದ್ದೇನೆ ಎಂದರೂ ಉಪಯೋಗವಾಗಲಿಲ್ಲ. ಹಿಂದೆ ಯಾವಾಗಲೋ ಕಂತು ತಪ್ಪಿತ್ತು, ಅಷ್ಟೇ ಸಾಕಾಯಿತು.

ಇದನ್ನು ಸರಿ ಎನ್ನುವವರು ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆಗಳಲ್ಲಿ ಸಾಲ ಹೇಗೆ ಹುಟ್ಟುತ್ತದೆ ಎಂದು ಬಂದು ನೋಡಲಿ. ಮಗನ ಎಂಜಿನಿಯರಿಂಗ್‌ಗೆ ಅಪ್ಪನೂ ಸಹಿ ಹಾಕಿ ಶಿಕ್ಷಣ ಸಾಲ ಎತ್ತಿರುತ್ತಾರೆ. ಓದು ಮುಗಿದು ವರ್ಷವಾಗುತ್ತಲೇ, ಕೆಲಸ ಸಿಕ್ಕಿರಲಿ ಬಿಡಲಿ, ಕಂತು ಶುರು. ಅದೇ ವರ್ಷ ಮಳೆ ಕೈಕೊಟ್ಟರೆ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತ್ತು. ತೊಂಬತ್ತು ದಿನ ಬಾಕಿ ಉಳಿದರೆ ಸಾಲ ಅನುತ್ಪಾದಕ, ಅಂದರೆ ಎನ್‌ಪಿಎ. ಅಪ್ಪ, ಮಗ ಇಬ್ಬರ ಹೆಸರೂ ಕೆಡುತ್ತದೆ. ಆ ಸಾಲ ತೀರಿಸಲೆಂದೇ ಹುಡುಗ ಕ್ಲರ್ಕ್ ಪರೀಕ್ಷೆಗೆ ಓದುತ್ತಿರುತ್ತಾನೆ. ದುಡಿದು ತೀರಿಸುತ್ತೇನೆ ಎಂದು ಬಂದವನಿಗೆ, ತೀರಿಸಿಲ್ಲವಾದ್ದರಿಂದ ದುಡಿಮೆ ಇಲ್ಲ ಎನ್ನುವುದು ಯಾವ ನ್ಯಾಯ?

ಪ್ರಾಮಾಣಿಕತೆ ಬೇಕಿದ್ದರೆ ಅದೇ ಊರಿನ ಮೈಕ್ರೋಫೈನಾನ್ಸ್ ಗುಂಪನ್ನು ನೋಡಿ. ವಾರದ ಕಂತಿನ ದಿನ ಬೆಳಗ್ಗೆಯೇ ಹೆಂಗಸರು ಯಾರದೋ ಜಗುಲಿಯ ಮೇಲೆ ಸೇರುತ್ತಾರೆ. ಒಬ್ಬಳ ಕೈಯಲ್ಲಿ ದುಡ್ಡಿಲ್ಲದಿದ್ದರೆ ಉಳಿದವರು ಸೆರಗಿನ ಗಂಟು ಬಿಚ್ಚಿ ಕೂಡಿಸಿ ಕಟ್ಟುತ್ತಾರೆ. ಕೂಲಿ ಸಿಗದ ವಾರ ಎಲ್ಲರ ಗಂಟೂ ಬರಿದು. ವರದಿಯಲ್ಲಿ ಉಳಿಯುವುದು ಆ ವಾರ ಮಾತ್ರ.

ಸರ್ಕಾರದ್ದೇ ನಿಯಮ ನೋಡಿ. ಕೇಂದ್ರ ಸರ್ಕಾರಿ ನೌಕರ ಸದಾ ಸಾಲದಲ್ಲಿ ಮುಳುಗಿರಬಾರದು ಎಂದು 1964ರ ನಡತೆ ನಿಯಮ ಹೇಳುತ್ತದೆ ನಿಜ. ಆದರೆ ಸಾಲ ದುಂದಿನಿಂದ ಆದದ್ದಲ್ಲ, ಕೈಮೀರಿದ ಪರಿಸ್ಥಿತಿಯಿಂದ ಆದದ್ದು ಎಂದು ತೋರಿಸಿಕೊಳ್ಳಲು ಅವಕಾಶವನ್ನೂ ಅದೇ ನಿಯಮ ಕೊಡುತ್ತದೆ. ರಹಸ್ಯ ದಾಖಲೆ ನೋಡುವವರ ಸಾಲವನ್ನು ಜಾಲಾಡುವ ಅಮೆರಿಕವೂ ಕೆಲಸ ಹೋದದ್ದು, ಕಾಯಿಲೆ ಬಿದ್ದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರಿ ನೌಕರಿಗೆ ಸೇರುವಾಗ ತುಂಬುವ ದೃಢೀಕರಣ ನಮೂನೆ ಬಂಧನ, ಮೊಕದ್ದಮೆ, ಶಿಕ್ಷೆಯನ್ನು ಕೇಳುತ್ತದೆ, ಸಾಲವನ್ನಲ್ಲ. ದೇಶದ ಗುಟ್ಟು ಕಾಯಲು ಅಡ್ಡಿಯಾಗದ ಸಾಲ ಹಿರಿಯೂರಿನ ಶಾಖೆಯಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಲು ಅಡ್ಡಿಯೇ?

2024ರ ಮಾರ್ಚ್‌ವರೆಗಿನ ಹತ್ತು ವರ್ಷಗಳಲ್ಲಿ ಬ್ಯಾಂಕುಗಳು ತಮ್ಮ ಲೆಕ್ಕದಿಂದ ತೆಗೆದುಹಾಕಿದ ಸಾಲ 16.35 ಲಕ್ಷ ಕೋಟಿ ರೂಪಾಯಿ. ಸಂಸತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕವಿದು. 16.35 ಲಕ್ಷ ಕೋಟಿ! ಉದ್ದೇಶಪೂರ್ವಕ ಸುಸ್ತಿದಾರರ ಜೊತೆಗೂ ರಾಜಿ ಮಾಡಿಕೊಳ್ಳಬಹುದು ಎಂದು 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕೇ ದಾರಿ ತೋರಿಸಿತು. ಬ್ಯಾಂಕ್ ಸಾಲ ಉಳಿಸಿಕೊಂಡ ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟಾಗ ಕರ್ನಾಟಕದಿಂದಲೇ ಆಯ್ಕೆಯಾದ ರಾಜ್ಯಸಭಾ ಸದಸ್ಯ. ಆ ಕುರ್ಚಿಗೆ ಸಿಬಿಲ್ ಬೇಕಿರಲಿಲ್ಲ.

ಮಾತು ಕೊಟ್ಟು ತಪ್ಪಿದವರನ್ನು ಎಣಿಸುವುದಾದರೆ ಪೂರ್ತಿ ಎಣಿಸೋಣ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಕೊಡುತ್ತೇವೆಂದು 2023ರ ಬಜೆಟ್‌ನಲ್ಲಿ ಕೇಂದ್ರ ಹೇಳಿತು. ಎರಡು ವರ್ಷ ಕಳೆದರೂ ಆ ಹಣ ಬರಲಿಲ್ಲ. ಆ ನೀರು ಬಂದಿದ್ದರೆ ಇಲ್ಲಿನ ಎಷ್ಟೋ ಮನೆಗಳ ಕಂತು ತಪ್ಪುತ್ತಿರಲಿಲ್ಲ.

ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಮೂಲಕ ನೇಮಿಸಿಕೊಳ್ಳುವ ಬ್ಯಾಂಕುಗಳು ಕನಿಷ್ಠ ಸಿಬಿಲ್ ಅಂಕದ ಷರತ್ತು ಕೈಬಿಟ್ಟಿವೆ ಎಂದು ಹಣಕಾಸು ರಾಜ್ಯ ಸಚಿವರು 2025ರಲ್ಲಿ ಲೋಕಸಭೆಗೆ ತಿಳಿಸಿದರು. ಆದರೂ ಸೇರುವಾಗ ಸಿಬಿಲ್ ದಾಖಲೆ ಸರಿಪಡಿಸಿಕೊಂಡಿರಬೇಕು, ಇಲ್ಲವೇ ಬಾಕಿ ಇಲ್ಲವೆಂದು ಸಾಲ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತರಬೇಕು. ನಮ್ಮ ಸಂಸದ ಗೋವಿಂದ ಕಾರಜೋಳ ಅವರು ಈ ಷರತ್ತು ತೆಗೆಸಲು ಲೋಕಸಭೆಯಲ್ಲಿ ಪಟ್ಟು ಹಿಡಿಯಲಿ. ಕೆಲಸ ಕೊಟ್ಟು, ಕಂತನ್ನು ಸಂಬಳದಲ್ಲೇ ಹಿಡಿದುಕೊಳ್ಳಿ. ಸಾಲವೂ ತೀರುತ್ತದೆ.