ನೀರಗಂಟಿಯದೂ ಕಾಯಕವಲ್ಲವೇ?

ಕಳೆದ ಶ್ರಾವಣದಲ್ಲಿ ಪ್ರವಚನ ಕೇಳಲೆಂದು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಊರ ಮಠದ ಪಕ್ಕದಲ್ಲೇ ಶುದ್ಧ ಕುಡಿಯುವ ನೀರಿನ ಘಟಕವಿತ್ತು. ಬಾಗಿಲಿಗೆ ಬೀಗ. ಜನ ಕೊಳವೆಬಾವಿಯ ನೀರನ್ನೇ ಕೊಡದಲ್ಲಿ ಒಯ್ಯುತ್ತಿದ್ದರು. “ಮಷಿನ್ ಕೆಟ್ಟು ಆರು ತಿಂಗಳಾತ್ರಿ ಸಾಹೇಬ್ರ, ನೋಡಾವ್ರು ಯಾರೂ ಇಲ್ಲ” ಎಂದರು ಒಬ್ಬ ತಾಯಿ.

ನಾನು ತಲೆ ತಗ್ಗಿಸಿದೆ. ಸೇವೆಯಲ್ಲಿದ್ದಾಗ ಇಂಥ ಹಲವು ಘಟಕಗಳ ಕಾಮಗಾರಿ ಮುಗಿದಿದೆ ಎಂದು ಸಹಿ ಹಾಕಿದವನು ನಾನು. ಮುಂದೆ ಅದನ್ನು ನಡೆಸುವವರು ಯಾರು ಎಂಬ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಹಾವೇರಿಯ ನನ್ನ ಮನೆಯ ಫಿಲ್ಟರ್ ಕೆಟ್ಟರೆ ಒಂದು ಫೋನಿಗೆ ರಿಪೇರಿಯವನು ಬರುತ್ತಾನೆ. ಆ ತಾಯಿ ಯಾರಿಗೆ ಫೋನ್ ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನಂತೆ 2022ರಲ್ಲಿ ಜಗತ್ತಿನ ಸುಮಾರು 220 ಕೋಟಿ ಜನರಿಗೆ ಸುರಕ್ಷಿತ ಕುಡಿಯುವ ನೀರಿನ ವ್ಯವಸ್ಥೆ ಇರಲಿಲ್ಲ. ಯಂತ್ರ ತಂದಿಟ್ಟ ಮಾತ್ರಕ್ಕೆ ಈ ಕೊರತೆ ತುಂಬುವುದಿಲ್ಲ. 1981ರಿಂದ 1990ರವರೆಗೆ ವಿಶ್ವಸಂಸ್ಥೆ ಕುಡಿಯುವ ನೀರಿನ ದಶಕ ಆಚರಿಸಿತು. ನಾನು ನೌಕರಿಗೆ ಸೇರಿದ್ದೂ ಆಗಲೇ. ಕೆರೆ, ತೆರೆದ ಬಾವಿಯ ನೀರಿನಿಂದ ವಾಂತಿಭೇದಿ ಬರುತ್ತದೆ, ಬೋರು ಕೊರೆಸಿ ಎಂದರು, ಕೊರೆಸಿದೆವು. ಬಾಂಗ್ಲಾದೇಶದಲ್ಲೂ ಹಾಗೆಯೇ ಕೊರೆದರು. 1993ರಲ್ಲಿ ಅಲ್ಲಿನ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ವಿಷ ಪತ್ತೆಯಾಯಿತು. ನಮ್ಮ ಭಾಗದ ಹಲವು ಹಳ್ಳಿಗಳಲ್ಲಿ ಕಲ್ಲಿನಾಳದಿಂದ ಫ್ಲೋರೈಡ್ ಬಂತು.

ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ಅದನ್ನೂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತವೆ, ದೊಡ್ಡವರ ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಹೆಚ್ಚುತ್ತದೆ. ಘಟಕದ ಪೊರೆ ಅದನ್ನು ತಡೆಯುತ್ತದೆ, ಆದರೆ ಗಡಸು ನೀರಿಗೆ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ತೊಳೆಯುವವರು, ಬದಲಿಸುವವರು ಬೇಕು.

ರಾಣೆಬೆನ್ನೂರಿನ ಕಡೆ ತುಂಗಭದ್ರೆ, ಹಾವೇರಿಯ ಕಡೆ ವರದೆ ಹರಿಯುತ್ತವೆ. ನದಿ ನೀರನ್ನು ಪಟಿಕದಿಂದ ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಿ ಕೊಡುವುದೇ ಬಾಳಿಕೆಯ ದಾರಿ. 2019ರ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದಿತು, ನಲ್ಲಿಗಳೂ ಬಂದವು. ಆದರೆ ನೀರು ನಿಂತ ಹೊತ್ತಿನಲ್ಲಿ ಒಡೆದ ಪೈಪು ಗಟಾರದ ಹೊಲಸನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಊರಿನ ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ನೋಡುವವನು ಬೆಂಗಳೂರಿನ ಎಂಜಿನಿಯರ್ ಅಲ್ಲ, ನಮ್ಮೂರ ನೀರಗಂಟಿ. ಎಷ್ಟೋ ಕಡೆ ಅವನಿಗೆ ಪಗಾರ ಹೊತ್ತಿಗೆ ಸಿಗುವುದಿಲ್ಲ, ತರಬೇತಿ ಇಲ್ಲ, ಬೈಗುಳ ಮಾತ್ರ ತಪ್ಪದು.

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮರನ್ನು ನೆನೆಯುತ್ತೇವೆ. ನಮ್ಮದೇ ತುಂಗಭದ್ರೆಯ ದಡದ ಚೌಡಯ್ಯದಾನಪುರಕ್ಕೆ ಹೋಗಿ, ಹುಟ್ಟು ಹಾಕಿ ಬದುಕಿದ ಅಂಬಿಗರ ಚೌಡಯ್ಯನವರಿಗೆ ಕೈ ಮುಗಿಯುತ್ತೇವೆ. ವಾಲ್ವ್ ತಿರುವುವವನನ್ನು ಮಾತ್ರ “ಏ, ನೀರು ಬಿಡಲೇ” ಎಂದು ಕರೆಯುತ್ತೇವೆ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದವರ ಮಕ್ಕಳು ನಾವು!

ಪೂಜ್ಯರಲ್ಲಿ, ಶರಣ ಬಂಧುಗಳಲ್ಲಿ ಮೂರು ಬಿನ್ನಹ. ನೀರು ಪರೀಕ್ಷಿಸುವ ಕಿಟ್ಟು, ಹಳ್ಳಿಗೆ 5 ಮಹಿಳೆಯರಿಗೆ ತರಬೇತಿ ಜಲಜೀವನ್ ಯೋಜನೆಯಲ್ಲೇ ಇವೆ. ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಆ ತಾಯಂದಿರಿಂದಲೇ ಊರ ನೀರಿನ ಫಲಿತಾಂಶ ಓದಿಸಿರಿ. ದಾಸೋಹದ ನಿಧಿಯಲ್ಲಿ ಒಂದು ಪಾಲನ್ನು ಘಟಕದ ದುರಸ್ತಿಗೆ ತೆಗೆದಿಡಿರಿ. ನೀರಗಂಟಿಯನ್ನು ಮಠಕ್ಕೆ ಕರೆದು ಗೌರವಿಸಿರಿ, ಅವನ ಪಗಾರವನ್ನು ಪಂಚಾಯಿತಿಯಲ್ಲಿ ಕೇಳಿರಿ. ಕೇಳುವ ನಾವೂ ನೀರಿನ ಕರ ಬಾಕಿ ಇಡಬಾರದು.

ಇದು ಸರ್ಕಾರದ ಕೆಲಸವಲ್ಲವೇ ಎನ್ನಬಹುದು. ಹೌದು. ನಾನೂ ಆ ಸರ್ಕಾರದಲ್ಲಿ ಮೂರು ದಶಕ ಇದ್ದೆ. ಕೇಳುವವರಿದ್ದ ಊರಲ್ಲಿ ಮಷಿನ್ ಓಡುತ್ತಿತ್ತು. ಕೇಳುವವರಿಲ್ಲದ ಊರಲ್ಲಿ ಬೀಗ ಬೀಳುತ್ತಿತ್ತು. ಹಸಿದವರಿಗೆ ಅನ್ನವಿಕ್ಕುವ ಮಠಗಳು ಆ ಅನ್ನದ ಜೊತೆಗಿಡುವ ನೀರಿನ ಬಗ್ಗೆಯೂ ಕೇಳಲಿ.