‘ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ’

ಈ ಮಾತು ನಿಮಗೇನೂ ಹೊಸದಲ್ಲ, ಅಲ್ವಾ? ಚಾಮುಂಡಿ ಬೆಟ್ಟದ ಮೆಟ್ಟಿಲ ಬುಡದಲ್ಲಿ, ದಸರಾ ಎಕ್ಸಿಬಿಷನ್ ಗೇಟಿನಲ್ಲಿ, ಬೀಚಿನಲ್ಲಿ ಚಪ್ಪಲಿ-ಬ್ಯಾಗು ಗುಡ್ಡೆ ಹಾಕಿದ ಜಾಗದಲ್ಲಿ ಮನೆಯ ಯಾರಾದರೊಬ್ಬರು ಹೇಳೇ ಹೇಳ್ತಾರೆ. ಹೆಚ್ಚಾಗಿ ಅಮ್ಮ ಅಥವಾ ಅತ್ತೆ. ಅವರಿಲ್ಲದಿದ್ದರೆ ನಾವೇ! ಎಷ್ಟು ಸಲ ಕೇಳಿದರೂ ಏನೂ ಅನ್ನಿಸದ ಈ ಮಾತು ರೋಮ್ ನಗರದಲ್ಲಿ ನಮ್ಮತ್ತೆ ಬಾಯಿಂದ ಬಂದಾಗ ಮಾತ್ರ ನನಗೆ ತಡೆಯಲಾಗಲಿಲ್ಲ.

2024ರ ಮೇ ತಿಂಗಳು. ಜರ್ಮನಿಯಲ್ಲಿರುವ ಮೈದುನ, ಅಮ್ಮನಿಗೆ ಒಮ್ಮೆ ಹಡಗು ಹತ್ತಿಸಬೇಕು ಅಂತ ಹಟ ಹಿಡಿದು ಮೆಡಿಟರೇನಿಯನ್ ಸಮುದ್ರದ ಕ್ರೂಸ್ ಬುಕ್ ಮಾಡಿದ್ದ. ನಾನು, ನಮ್ಮನೆಯವರು, ಮಗಳು, ಅತ್ತೆ ನಾಲ್ಕು ಜನ ಬಾರ್ಸಿಲೋನಾದಲ್ಲಿ ಹಡಗು ಹತ್ತಿದೆವು. ಕ್ರೂಸ್ ಅಂದ್ರೆ ಗೊತ್ತಲ್ಲ, ರಾತ್ರಿ ಪ್ರಯಾಣ. ಬೆಳಿಗ್ಗೆ ಒಂದು ಬಂದರಿನಲ್ಲಿ ಹಡಗು ನಿಲ್ಲುತ್ತೆ. ಸಂಜೆಯೊಳಗೆ ಊರು ನೋಡಿ ವಾಪಸ್ ಬರಬೇಕು. ಊರು ತೋರಿಸೋಕೆ ಎರಡು ಥರದ ಟೂರ್‌ಗಳಿರುತ್ತವೆ. ನಲವತ್ತೈದು-ಐವತ್ತು ಜನರ ದೊಡ್ಡ ಬಸ್ಸು ಒಂದು. ಎಂಟರಿಂದ ಹದಿನೈದು ಜನರ ಸಣ್ಣ ಗುಂಪಿನ ವ್ಯಾನು ಇನ್ನೊಂದು.

ರೋಮ್‌ಗೆ ನಾವು ದೊಡ್ಡ ಬಸ್ಸನ್ನೇ ಆರಿಸಿಕೊಂಡೆವು. ತಲೆಗೆ ಮೂವತ್ತು ಯೂರೋ ಉಳಿಯುತ್ತೆ ಅನ್ನೋ ಲೆಕ್ಕ ನನ್ನದೇ. ತಪ್ಪು ಒಪ್ಪಿಕೊಳ್ತೀನಿ!

ಹಡಗು ನಿಲ್ಲೋದು ರೋಮ್‌ನಲ್ಲಲ್ಲ, ಚಿವಿಟವೆಕ್ಕಿಯಾ ಎಂಬ ಬಂದರಿನಲ್ಲಿ. ಅಲ್ಲಿಂದ ರೋಮ್ ಸುಮಾರು 80 ಕಿ.ಮೀ. ಹೋಗಿ ಬರೋದಕ್ಕೇ ಮೂರು ಗಂಟೆ ಹೋಯ್ತು. ಐವತ್ತು ಜನ ಬಸ್ಸಿಳಿಯಲು ಹತ್ತು ನಿಮಿಷ, ಹತ್ತಲು ಹತ್ತು ನಿಮಿಷ. ಒಬ್ಬರು ಟಾಯ್ಲೆಟ್ಟಿಗೆ ಹೋದರೆ ಉಳಿದವರೆಲ್ಲ ಬಿಸಿಲಲ್ಲಿ. ಊರಿನ ಹಳೆಯ ಭಾಗದೊಳಕ್ಕೆ ದೊಡ್ಡ ಬಸ್ಸು ಹೋಗುವಂತಿಲ್ಲ, ದೂರದಲ್ಲೇ ಇಳಿಸಿ ನಡೆಸ್ತಾರೆ. ಕೋಲಿಗೆ ಬಾವುಟ ಕಟ್ಟಿಕೊಂಡ ಗೈಡ್ ಮುಂದೆ ಓಡ್ತಿದ್ರು, ಹಿಂದೆ ನಾವು. ಮಂಡಿ ನೋವಿನ ಅತ್ತೆ ಎರಡನೇ ಸ್ಟಾಪಿನಲ್ಲೇ ‘ನೀವು ಹೋಗ್ಬನ್ನಿ’ ಅಂದುಬಿಟ್ಟರು. ನಮ್ಮನೆಯವರು ಅವರ ಜೊತೆ ಬಸ್ಸಿನ ಹತ್ತಿರವೇ ಉಳಿದರು. ನಾನು ಟ್ರೆವಿ ಕಾರಂಜಿ ಎದುರು ಮಗಳ ಕೈ ಹಿಡಿದು ನಿಂತೆ. ನೀರು ನೋಡಿದೆನೋ ಇಲ್ಲವೋ, ಗೈಡ್ ಬಾವುಟ ಎಲ್ಲಿ ಹೋಯ್ತು ಅಂತ ನೋಡಿದ್ದೇ ಜಾಸ್ತಿ. ಏಳು ಸಮುದ್ರ ದಾಟಿ ಬಂದು ಅತ್ತೆ ನೋಡಿದ್ದು ಬಸ್ ನಿಲ್ಲಿಸೋ ಜಾಗ!

ಅವತ್ತು ರಾತ್ರಿ ಹಡಗಿನಲ್ಲಿ ಊಟ ಸೇರಲಿಲ್ಲ. ‘ರೀ, ನೇಪಲ್ಸ್‌ನಲ್ಲಿ ಸಣ್ಣ ಗುಂಪು ಮಾಡೋಣ, ಖರ್ಚು ಆದ್ರೆ ಆಗ್ಲಿ’ ಅಂದೆ. ಡೈನಿಂಗ್ ಹಾಲಿನಲ್ಲಿ ಪರಿಚಯವಾಗಿದ್ದ ಹುಬ್ಬಳ್ಳಿಯ ದಂಪತಿ, ಅವರ ಇಬ್ಬರು ಮಕ್ಕಳೂ ಸೇರಿಕೊಂಡರು. ಎಂಟು ಜನಕ್ಕೆ ಒಂದು ವ್ಯಾನು, ಒಬ್ಬ ಗೈಡ್. ತಮಾಷೆ ಅಂದ್ರೆ, ಹಂಚಿಕೊಂಡ ಮೇಲೆ ತಲೆಗೆ ಬಿದ್ದ ದುಡ್ಡು ದೊಡ್ಡ ಬಸ್ಸಿನಷ್ಟೇ!

ನೇಪಲ್ಸ್‌ನಲ್ಲಿ ಹಡಗು ಊರ ಮಗ್ಗುಲಲ್ಲೇ ನಿಲ್ಲುತ್ತೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೈ ಅಲ್ಲಿಂದ ಸುಮಾರು 25 ಕಿ.ಮೀ. ಆ ಗೈಡ್ ಹೆಣ್ಣುಮಗಳು ಅತ್ತೆಯ ನಡಿಗೆ ನೋಡಿದ ತಕ್ಷಣ ದಾರಿಯನ್ನೇ ಬದಲಾಯಿಸಿದಳು. ನಡೆಯಲು ಕಷ್ಟಪಡುವವರಿಗೆ, ಗಾಲಿಕುರ್ಚಿಯವರಿಗೆ ಅಂತ 2016ರಲ್ಲಿ ಅಲ್ಲೊಂದು ಮೂರು ಕಿ.ಮೀ.ಗೂ ಉದ್ದದ ಸಲೀಸಾದ ದಾರಿ ಮಾಡಿದ್ದಾರೆ. ಅದರಲ್ಲೇ ಒಂದಿಷ್ಟು ದೂರ ಕರೆದೊಯ್ದಳು. ಅತ್ತೆ ಕೂತಲ್ಲೆಲ್ಲ ಎಲ್ಲರೂ ಕೂತೆವು. ಯಾರೂ ಗಡಿಯಾರ ನೋಡಲಿಲ್ಲ.

ಒಂದು ಹಳೆಯ ಬೇಕರಿಯ ಮುಂದೆ ಕಪ್ಪು ಕಲ್ಲಿನ ದೊಡ್ಡ ದೊಡ್ಡ ಬೀಸುವ ಕಲ್ಲುಗಳು. ಕತ್ತೆ ಕಟ್ಟಿ ತಿರುಗಿಸ್ತಿದ್ರಂತೆ. ಅತ್ತೆ ಹತ್ತಿರ ಹೋಗಿ, ‘ನೋಡೇ, ನಾವು ರಾಗಿ ಬೀಸ್ತಿದ್ದ ಕಲ್ಲೇ ಇದು! ಇವರಿಗೆ ಕತ್ತೆ ಇತ್ತು, ನಮಗೆ ಅದೂ ಇರ್ಲಿಲ್ಲ’ ಅಂದರು. ಎಲ್ಲರೂ ನಕ್ಕೆವು. ಆಮೇಲೆ ಹುಬ್ಬಳ್ಳಿಯ ಮಕ್ಕಳಿಗೆ ಬೀಸುವ ಪದದ ಕತೆ ಹೇಳಿದರು. ಆ ದಿನದ ಅಸಲಿ ಗೈಡ್ ಅವರೇ!

ಅದಕ್ಕೇ ಹೇಳ್ತೀನಿ, ಸಣ್ಣ ಗುಂಪು ಅನ್ನೋದು ಶ್ರೀಮಂತರ ಶೋಕಿ ಅಲ್ಲ. ಲಕ್ಷಗಟ್ಟಲೆ ಖರ್ಚು ಮಾಡಿ ಹೋಗಿರ್ತೀವಿ. ಕೊನೆಯ ಮೂವತ್ತು ಯೂರೋದಲ್ಲಿ ಜಿಪುಣತನ ಮಾಡಿದರೆ ಮನೆಯ ಅತ್ಯಂತ ನಿಧಾನದ ಮನುಷ್ಯರೇ ಅದರ ಬೆಲೆ ತೆರಬೇಕಾಗುತ್ತೆ. ಅವರು ಬಾಯಿಬಿಟ್ಟು ಹೇಳೋದೂ ಇಲ್ಲ. ಐದು ಜಾಗ ಓಡಿ ನೋಡೋದಕ್ಕಿಂತ ಎರಡು ಜಾಗ ಎಲ್ಲರೂ ಒಟ್ಟಿಗೆ ನೋಡೋದು ಮೇಲು. ಇದು ನನ್ನ ಖಚಿತ ಅಭಿಪ್ರಾಯ.

‘ಹಡಗು ಬಿಟ್ಟು ಹೋದ್ರೆ?’ ಅಂತ ನಿಮ್ಮನೆಯವರು ಕೇಳ್ತಾರೆ, ನಮ್ಮನೆಯವರೂ ಕೇಳಿದ್ರು. ಸರಿಯಾದ ಪ್ರಶ್ನೆಯೇ. ಹಡಗಿನವರೇ ನಡೆಸುವ ಟೂರ್ ತಡವಾದರೆ ಹಡಗು ಕಾಯುತ್ತೆ, ಇಲ್ಲವೇ ಅವರೇ ಮುಂದಿನ ಬಂದರಿಗೆ ತಲುಪಿಸ್ತಾರೆ. ಹೊರಗಿನವರ ಟೂರ್ ಆದರೆ ಹಡಗು ಕಾಯೋದಿಲ್ಲ, ಮುಂದಿನ ಬಂದರಿಗೆ ನಿಮ್ಮ ದುಡ್ಡಲ್ಲೇ ಹೋಗಬೇಕು. ಹಾಗಾಗಿ ದೂರ ನೋಡಿ ನಿರ್ಧರಿಸಿ. ನೇಪಲ್ಸ್‌ನಿಂದ ಪೊಂಪೈ, ಪಿರೇಯಸ್‌ನಿಂದ ಅಥೆನ್ಸ್ (ಸುಮಾರು 10 ಕಿ.ಮೀ.), ಟರ್ಕಿಯ ಕುಶಾದಾಸಿಯಿಂದ ಎಫೆಸಸ್ (ಸುಮಾರು 20 ಕಿ.ಮೀ.) ಹತ್ತಿರದವು, ಹೊರಗಿನ ಸಣ್ಣ ಗುಂಪಿಗೆ ಧೈರ್ಯ ಮಾಡಬಹುದು. ರೋಮ್, ಅಥವಾ ಲಿವೊರ್ನೊ ಬಂದರಿನಿಂದ ಸುಮಾರು 90 ಕಿ.ಮೀ. ದೂರದ ಫ್ಲಾರೆನ್ಸ್ ಆದರೆ ಹಡಗಿನವರದ್ದೇ ಸಣ್ಣ ಗುಂಪಿನ ಟೂರ್ ಇದೆಯಾ ಅಂತ ಮೊದಲು ಕೇಳಿ. ಬೆಲೆ ಜಾಸ್ತಿ, ಆದರೆ ನೆಮ್ಮದಿ.

ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ್ದು ಇನ್ನೊಂದು ಕತೆ. ಅಲ್ಲಿ ಹಡಗು ಸಮುದ್ರದಲ್ಲೇ ನಿಲ್ಲುತ್ತೆ. ಹಡಗಿನ ಟೂರ್‌ನವರನ್ನು ಸಾಮಾನ್ಯವಾಗಿ ಸಣ್ಣ ದೋಣಿಯಲ್ಲಿ ಬಸ್ಸು ಕಾಯುವ ಬಂದರಿಗೆ ಬಿಡ್ತಾರೆ. ಸ್ವಂತವಾಗಿ ಹೋಗೋರು ಹಳೆ ಬಂದರಿನಲ್ಲಿ ಇಳಿದು, ಕೇಬಲ್ ಕಾರಿನ ಕ್ಯೂ ನಿಲ್ಲಬೇಕು, ಇಲ್ಲವೇ ಆರುನೂರರ ಹತ್ತಿರದಷ್ಟು ಮೆಟ್ಟಿಲು ಹತ್ತಬೇಕು. ಹಿರಿಯರಿದ್ದರೆ ಅಲ್ಲಿ ಹಡಗಿನ ಟೂರೇ ಸರಿ.

ಹೊರಡುವ ಮುನ್ನ ಇಷ್ಟು ನೆನಪಿರಲಿ:

* ಗುಂಪಿನಲ್ಲಿ ಗರಿಷ್ಠ ಎಷ್ಟು ಜನ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ. ಕೆಲವರಿಗೆ ಇಪ್ಪತ್ತೈದು ಜನವೂ ‘ಸಣ್ಣ ಗುಂಪೇ’!

* ನಡೆಯಬೇಕಾದ ದೂರ, ಮೆಟ್ಟಿಲು, ಟಾಯ್ಲೆಟ್ ಬಗ್ಗೆ ಕೇಳಲು ಸಂಕೋಚ ಬೇಡ. ಟಿಕೆಟ್ ಸೇರಿದೆಯಾ ಅಂತಲೂ ಕೇಳಿ. ಪೊಂಪೈನಲ್ಲಿ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಹಾಕಿದ್ದಾರೆ, ಟಿಕೆಟ್ ಮೇಲೆ ಹೆಸರೂ ಇರಬೇಕು.

* ಹಡಗು ಹೊರಡೋ ಸಮಯ ಬೇರೆ, ಎಲ್ಲರೂ ಹತ್ತಿರಬೇಕಾದ ಸಮಯ ಬೇರೆ. ದೂರದ ಊರಾದರೆ ಅದಕ್ಕೂ ಎರಡು ಗಂಟೆ ಮೊದಲೇ ಬಂದರಿನಲ್ಲಿರುವಂತೆ ನೋಡಿಕೊಳ್ಳಿ. ಗಡಿಯಾರ ಹಡಗಿನ ಸಮಯದಲ್ಲೇ ಇರಲಿ.

* ಟರ್ಕಿಯಲ್ಲಿ ಇಳಿದು ಮತ್ತೆ ಗ್ರೀಸ್, ಇಟಲಿಗೆ ಬರುವ ಹಡಗಾದರೆ ಹಲವು ಬಾರಿ ಪ್ರವೇಶ ಇರುವ ಷೆಂಗೆನ್ ವೀಸಾ ಬೇಕು. ಟರ್ಕಿಯ ವೀಸಾ ಬೇರೆಯೇ.

* ಸಸ್ಯಾಹಾರಿಗಳು ಮೊದಲೇ ತಿಳಿಸಿ. ನೇಪಲ್ಸ್‌ನ ಮರಿನಾರಾ ಪಿಜ್ಜಾ ಹೆಸರು ಕೇಳಿ ಮೀನು ಅಂತ ಹೆದರಬೇಡಿ. ಟೊಮ್ಯಾಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ. ಚೀಸೂ ಇಲ್ಲ!

ಊರಿಗೆ ಬಂದ ಮೇಲೆ ಅಕ್ಕಪಕ್ಕದವರು ‘ರೋಮ್ ಹೇಗಿತ್ತಮ್ಮಾ?’ ಅಂದರೆ ಅತ್ತೆ ಸುಮ್ಮನೆ ನಗ್ತಾರೆ. ಪೊಂಪೈ ಅಂದರೆ ಸಾಕು, ಬೀಸುವ ಕಲ್ಲಿನ ಕತೆ ಅರ್ಧ ಗಂಟೆ!

ಮುಂದಿನ ಸಲ ನಿಮ್ಮ ಮನೆಯಲ್ಲಿ ಪ್ರವಾಸದ ಮಾತು ಬಂದಾಗ, ‘ಎಷ್ಟು ಜಾಗ ತೋರಿಸ್ತಾರೆ?’ ಅಂತ ಕೇಳೋ ಮೊದಲು ‘ಎಷ್ಟು ಜನರ ಗುಂಪು?’ ಅಂತ ಕೇಳಿ. ಅತ್ತೆಯೋ ಅಮ್ಮನೋ ‘ನಾನಿಲ್ಲೇ ಕೂತಿರ್ತೀನಿ’ ಅನ್ನೋ ಹಾಗೆ ಮಾಡಬೇಡಿ. ನೀವೂ ಅನ್ನಬೇಡಿ. ಏನಂತೀರಿ?