ಡಿಎಲ್‌ಎಲ್ ಫೈಲ್ ಇಲ್ಲ ಎಂದು ಗೇಮ್ ತೆರೆಯುತ್ತಿಲ್ಲವೇ? ಫಾರ್ವರ್ಡ್ ಆಗಿ ಬಂದ ಫೈಲ್ ಹಾಕುವ ಮುನ್ನ ಇದನ್ನು ಓದಿ

ಕಂಪ್ಯೂಟರ್‌ನಲ್ಲಿ ಗೇಮ್ ಇನ್‌ಸ್ಟಾಲ್ ಮಾಡಿದ್ದಾಯಿತು. ಐಕಾನ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಗೇಮ್ ಬದಲು ಒಂದು ಚಿಕ್ಕ ಸಂದೇಶ ಕಾಣಿಸಿಕೊಳ್ಳುತ್ತದೆ: ‘ಡಿ3ಡಿಎಕ್ಸ್9_43.ಡಿಎಲ್‌ಎಲ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ, ಆದ್ದರಿಂದ ಪ್ರೋಗ್ರಾಂ ಶುರುವಾಗುತ್ತಿಲ್ಲ.’ ಈ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿದರೂ, ವಾಟ್ಸಾಪ್ ಗುಂಪಿನಲ್ಲಿ ಕೇಳಿದರೂ ಬರುವ ಸಲಹೆ ಬಹಳ ಸಲ ಒಂದೇ: ‘ಈ ಲಿಂಕ್‌ನಿಂದ ಫೈಲ್ ಡೌನ್‌ಲೋಡ್ ಮಾಡಿ, ಸಿಸ್ಟಮ್32 ಫೋಲ್ಡರ್‌ಗೆ ಪೇಸ್ಟ್ ಮಾಡಿ. ಆಂಟಿವೈರಸ್ ತಡೆದರೆ ಅದನ್ನು ಆಫ್ ಮಾಡಿ.’

ಕೇಳಲು ಸುಲಭವಾಗಿರುವ ಈ ಉಪಾಯ ಹಲವು ಸಲ ಕೆಲಸವನ್ನೇ ಮಾಡುವುದಿಲ್ಲ. ಕೆಲಸ ಮಾಡಿದರೂ ಅದರಲ್ಲಿ ದೊಡ್ಡ ಅಪಾಯವಿದೆ. ಮಕ್ಕಳು ಗೇಮ್ ಆಡುವ ಕಂಪ್ಯೂಟರ್‌ನಲ್ಲೇ ಮನೆಯವರ ನೆಟ್ ಬ್ಯಾಂಕಿಂಗ್, ಇಮೇಲ್, ಆಧಾರ್ ಪ್ರತಿ, ಕಾಲೇಜಿನ ದಾಖಲೆ ಎಲ್ಲವೂ ಇರುತ್ತವೆ. ಹಾಗಾಗಿ ಈ ಸಂದೇಶ ಏನು ಹೇಳುತ್ತಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಡಿಎಲ್‌ಎಲ್ ಎಂದರೇನು?

ಡೈನಾಮಿಕ್ ಲಿಂಕ್ ಲೈಬ್ರರಿ ಎಂಬುದರ ಚಿಕ್ಕ ಹೆಸರೇ ಡಿಎಲ್‌ಎಲ್. ಮದುವೆಯ ಅಡುಗೆಗೆ ಬೇಕಾಗುವ ದೊಡ್ಡ ಕೊಪ್ಪರಿಗೆಯನ್ನು ಪ್ರತಿ ಮನೆಯವರೂ ಕೊಳ್ಳುವುದಿಲ್ಲ. ಊರಿನ ಸಮುದಾಯ ಭವನದಲ್ಲಿ ಒಂದಿರುತ್ತದೆ, ಬೇಕಾದವರು ಬಳಸುತ್ತಾರೆ. ಕಂಪ್ಯೂಟರ್‌ನಲ್ಲೂ ಹಾಗೆಯೇ. ಹಲವು ಪ್ರೋಗ್ರಾಂಗಳಿಗೆ ಬೇಕಾಗುವ ಕೋಡ್ ಅನ್ನು ಒಂದು ಫೈಲ್‌ನಲ್ಲಿ ಇಟ್ಟು, ಎಲ್ಲವೂ ಅದನ್ನೇ ಬಳಸುವ ವ್ಯವಸ್ಥೆ ಇದು. ಗೇಮ್ ಶುರುವಾಗುವಾಗ ತನಗೆ ಬೇಕಾದ ಫೈಲ್‌ಗಳನ್ನು ಹೆಸರು ಹಿಡಿದು ಹುಡುಕುತ್ತದೆ. ಒಂದು ಸಿಗದಿದ್ದರೂ ಅಲ್ಲಿಗೇ ನಿಲ್ಲುತ್ತದೆ.

ಡಿ3ಡಿಎಕ್ಸ್9_43 ಎಂಬ ಹೆಸರಿಗೂ ಅರ್ಥವಿದೆ. ಡಿ3ಡಿ ಎಂದರೆ ಡೈರೆಕ್ಟ್3ಡಿ, ಅಂದರೆ ಪರದೆಯ ಮೇಲೆ ಮೂರು ಆಯಾಮದ ಚಿತ್ರ ಮೂಡಿಸಲು ಗೇಮ್‌ಗಳು ಬಳಸುವ ಮೈಕ್ರೋಸಾಫ್ಟ್‌ನ ತಂತ್ರಾಂಶ. ಇದು 1995ರಲ್ಲಿ ಶುರುವಾದ ಡೈರೆಕ್ಟ್ಎಕ್ಸ್ ಕುಟುಂಬಕ್ಕೆ ಸೇರಿದೆ. ‘ಎಕ್ಸ್’ ಎಂದರೆ ಅದರ ಸಹಾಯಕ ಲೈಬ್ರರಿ. 9 ಎಂದರೆ ಡೈರೆಕ್ಟ್ಎಕ್ಸ್ 9. ಕೊನೆಯ 43, ಆ ಸಹಾಯಕ ಲೈಬ್ರರಿಯ ಆವೃತ್ತಿಯ ಸಂಖ್ಯೆ.

ಹೊಸ ವಿಂಡೋಸ್‌ನಲ್ಲಿ ಈ ಫೈಲ್ ಯಾಕಿಲ್ಲ?

‘ನನ್ನದು ವಿಂಡೋಸ್ 11, ಅದರಲ್ಲಿ ಡೈರೆಕ್ಟ್ಎಕ್ಸ್ 12 ಇದೆ. 9ರ ಫೈಲ್ ಯಾಕೆ ಕೇಳುತ್ತಿದೆ?’ ಎಂಬುದು ಸಹಜವಾದ ಪ್ರಶ್ನೆ. ಡೈರೆಕ್ಟ್ಎಕ್ಸ್ 9ರ ಮೂಲ ಭಾಗ ಇಂದಿನ ವಿಂಡೋಸ್‌ನಲ್ಲೂ ಇದೆ. ಅದರ ಸಹಾಯಕ ಲೈಬ್ರರಿ ಮಾತ್ರ ವಿಂಡೋಸ್ ಜೊತೆ ಬರುವುದಿಲ್ಲ. 2005ರಿಂದ 2010ರವರೆಗೆ ಮೈಕ್ರೋಸಾಫ್ಟ್ ಈ ಲೈಬ್ರರಿಯ ಆವೃತ್ತಿಗಳನ್ನು 24ರಿಂದ 43ರವರೆಗೆ ಒಂದೊಂದಾಗಿ ಹೊರತಂದಿತು. ಹೊಸದು ಬಂದಾಗ ಹಳೆಯದು ರದ್ದಾಗಲಿಲ್ಲ, ಪಕ್ಕದಲ್ಲಿ ಇನ್ನೊಂದು ಸೇರಿತು ಅಷ್ಟೇ. ಗೇಮ್ ತಯಾರಿಸಿದವರು ಯಾವ ಸಂಖ್ಯೆ ಬಳಸಿದ್ದರೋ ಗೇಮ್ ಅದನ್ನೇ ಕೇಳುತ್ತದೆ. ಆ ಫೈಲ್ ಅನ್ನು ಕಂಪ್ಯೂಟರ್‌ಗೆ ಸೇರಿಸುವುದು ಗೇಮ್‌ನ ಇನ್‌ಸ್ಟಾಲರ್‌ನ ಕೆಲಸ. ಆ ಹಂತ ತಪ್ಪಿಹೋದಾಗ ಅಥವಾ ಗೇಮ್‌ನ ಫೋಲ್ಡರ್ ಅನ್ನು ಪೆನ್‌ಡ್ರೈವ್‌ನಲ್ಲಿ ಹಾಗೇ ಕಾಪಿ ಮಾಡಿ ತಂದಾಗ ಈ ಸಂದೇಶ ಬರುತ್ತದೆ.

ಅಂದರೆ ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ಅಲ್ಲಿ ಮೊದಲಿನಿಂದಲೂ ಇಲ್ಲದ ಒಂದು ಪ್ಯಾಕೇಜ್ ಅನ್ನು ಗೇಮ್ ಕೇಳುತ್ತಿದೆ.

ಹರಿದಾಡುವ ಸಲಹೆಗಳಲ್ಲಿ ಎಷ್ಟು ನಿಜ?

‘ಸಿಸ್ಟಮ್32ಗೆ ಪೇಸ್ಟ್ ಮಾಡಿದರೆ ಸಾಕು.’ 64-ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಫೋಲ್ಡರ್ ಇರುವುದು 64-ಬಿಟ್ ಫೈಲ್‌ಗಳಿಗೆ. 32-ಬಿಟ್ ಫೈಲ್‌ಗಳು ಇರುವುದು ಸಿಸ್‌ವಾವ್64 ಎಂಬ ಇನ್ನೊಂದು ಫೋಲ್ಡರ್‌ನಲ್ಲಿ. ಹೆಸರುಗಳು ಅದಲು ಬದಲಾದಂತೆ ಕಂಡರೂ ವ್ಯವಸ್ಥೆ ಇರುವುದೇ ಹೀಗೆ. ಆ ಕಾಲದ ಬಹುಪಾಲು ಗೇಮ್‌ಗಳು 32-ಬಿಟ್. ಅವು ಸಿಸ್ಟಮ್32ನಲ್ಲಿ ಹುಡುಕಲು ಹೋದರೆ ವಿಂಡೋಸ್ ಅವನ್ನು ಸಿಸ್‌ವಾವ್64ಗೆ ಕಳಿಸುತ್ತದೆ. ನೀವು ಪೇಸ್ಟ್ ಮಾಡಿದ ಫೈಲ್ ಅವುಗಳ ಕಣ್ಣಿಗೇ ಬೀಳುವುದಿಲ್ಲ. 64-ಬಿಟ್ ಗೇಮ್‌ಗೆ 32-ಬಿಟ್ ಫೈಲ್ ಸಿಕ್ಕರೆ 0ಎಕ್ಸ್‌ಸಿ000007ಬಿ ಎಂಬ ಮತ್ತೊಂದು ದೋಷ ಎದುರಾಗುತ್ತದೆ.

‘ಕಮಾಂಡ್ ಪ್ರಾಂಪ್ಟ್‌ನಲ್ಲಿ ರೆಗ್‌ಎಸ್‌ವಿಆರ್32 ಎಂದು ಟೈಪ್ ಮಾಡಿ ರಿಜಿಸ್ಟರ್ ಮಾಡಿ.’ ಈ ಕಮಾಂಡ್ ಕೆಲವು ಬಗೆಯ ಡಿಎಲ್‌ಎಲ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಡಿ3ಡಿಎಕ್ಸ್9 ಆ ಬಗೆಯದಲ್ಲ. ಕಮಾಂಡ್ ಕೊಟ್ಟರೆ ಇನ್ನೊಂದು ದೋಷದ ಸಂದೇಶ ಬರುತ್ತದೆಯೇ ಹೊರತು ಗೇಮ್ ತೆರೆಯುವುದಿಲ್ಲ.

‘43 ಇದ್ದರೆ ಅದರ ಹೆಸರನ್ನು 42 ಎಂದು ಬದಲಿಸಿ.’ ಹೆಸರು ಬದಲಾದರೆ ಒಳಗಿನ ಕೋಡ್ ಬದಲಾಗುವುದಿಲ್ಲ. ಗೇಮ್ ಶುರುವಾದರೂ ನಡುವೆ ನಿಂತುಹೋಗಬಹುದು.

‘ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿ.’ ಇದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲೂ ಈ ಫೈಲ್ ಇರುವುದಿಲ್ಲ. ಮೊದಲು ಬೇರೆ ಗೇಮ್‌ಗಳು ತಂದು ಹಾಕಿದ್ದ ಆವೃತ್ತಿಗಳೂ ಅಳಿಸಿಹೋಗುತ್ತವೆ. ಫೋಟೊಗಳನ್ನು ಕಳೆದುಕೊಂಡು, ಅಂಗಡಿಗೆ ಹಣ ಕೊಟ್ಟು, ಕೊನೆಗೆ ಅದೇ ಸಂದೇಶ ನೋಡಬೇಕಾಗುತ್ತದೆ.

ಒಂದು ಚಿಕ್ಕ ಫೈಲ್‌ನಿಂದ ಏನಾದೀತು?

ಡಿಎಲ್‌ಎಲ್ ಎಂದರೆ ಫೋಟೊ ಅಥವಾ ಹಾಡಿನಂತಹ ಫೈಲ್ ಅಲ್ಲ, ಅದು ಓಡುವ ಪ್ರೋಗ್ರಾಂ. ಅದನ್ನು ಕರೆದ ಗೇಮ್‌ಗೆ ಕಂಪ್ಯೂಟರ್‌ನಲ್ಲಿ ಎಷ್ಟು ಅಧಿಕಾರವಿದೆಯೋ ಅಷ್ಟೂ ಅದಕ್ಕೆ ಸಿಗುತ್ತದೆ. ಗೇಮ್ ಅನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದರೆ ಇಡೀ ಕಂಪ್ಯೂಟರ್‌ನ ಬೀಗದ ಕೈ ಕೊಟ್ಟಂತೆ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದಿಯುವ ಕೋಡ್ ಅದರಲ್ಲಿದ್ದರೆ, ಗೇಮ್ ಚೆನ್ನಾಗಿ ಓಡುತ್ತಲೇ ಹಿಂದಿನಿಂದ ಕಳ್ಳತನವೂ ನಡೆಯಬಹುದು. ಗೇಮ್ ತೆರೆಯಿತಲ್ಲ ಎಂಬ ಖುಷಿಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ.

ಪ್ರೋಗ್ರಾಂಗಳು ಡಿಎಲ್‌ಎಲ್ ಹುಡುಕುವಾಗ ಸಾಮಾನ್ಯವಾಗಿ ಮೊದಲು ತಮ್ಮದೇ ಫೋಲ್ಡರ್ ನೋಡುತ್ತವೆ. ಅಲ್ಲಿ ಅಸಲಿ ಹೆಸರಿನ ನಕಲಿ ಫೈಲ್ ಇಟ್ಟರೆ ಪ್ರೋಗ್ರಾಂ ಅದನ್ನೇ ನಂಬುತ್ತದೆ. ದಾಳಿಕೋರರು ಬಳಸುವ ಈ ತಂತ್ರಕ್ಕೆ ಡಿಎಲ್‌ಎಲ್ ಹೈಜಾಕಿಂಗ್ ಎಂದೇ ಹೆಸರಿದೆ. ಅಪರಿಚಿತರ ಫೈಲ್ ಅನ್ನು ಗೇಮ್ ಫೋಲ್ಡರ್‌ಗೆ ಹಾಕಿದಾಗ ಆ ಕೆಲಸವನ್ನು ನಾವೇ ಅವರಿಗೆ ಮಾಡಿಕೊಟ್ಟಂತಾಗುತ್ತದೆ. ಅದರಲ್ಲೂ ‘ಆಂಟಿವೈರಸ್ ಆಫ್ ಮಾಡಿ’ ಎಂಬ ಸಾಲು ಕಂಡರೆ ಅಲ್ಲಿಗೇ ನಿಲ್ಲಿಸಿ. ಅಸಲಿ ಮೈಕ್ರೋಸಾಫ್ಟ್ ಫೈಲ್ ಹಾಕಲು ಆಂಟಿವೈರಸ್ ಆಫ್ ಮಾಡಬೇಕಾಗಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು?

ಸಂದೇಶದಲ್ಲಿರುವ ಫೈಲ್ ಹೆಸರನ್ನು ಪೂರ್ತಿ ಬರೆದುಕೊಳ್ಳಿ ಅಥವಾ ಫೋಟೊ ತೆಗೆದುಕೊಳ್ಳಿ. ಅದು ಯಾವ ಪ್ಯಾಕೇಜ್‌ಗೆ ಸೇರಿದ್ದು ಎಂದು ಹೆಸರೇ ಹೇಳುತ್ತದೆ.

1. ಡಿ3ಡಿಎಕ್ಸ್9, ಡಿ3ಡಿಎಕ್ಸ್10, ಡಿ3ಡಿಎಕ್ಸ್11 ಎಂದು ಶುರುವಾಗುವ ಹೆಸರು, ಡಿ3ಡಿಕಂಪೈಲರ್_43 ಅಥವಾ ಎಕ್ಸ್‌ಇನ್‌ಪುಟ್1_3 ಆಗಿದ್ದರೆ: ಮೈಕ್ರೋಸಾಫ್ಟ್ ಜಾಲತಾಣದಲ್ಲಿ ‘ಡೈರೆಕ್ಟ್ಎಕ್ಸ್ ಎಂಡ್-ಯೂಸರ್ ರನ್‌ಟೈಮ್ಸ್ ಜೂನ್ 2010’ ಉಚಿತವಾಗಿ ಸಿಗುತ್ತದೆ. ಗಾತ್ರ ಸುಮಾರು 95 ಎಂಬಿ. ಅದನ್ನು ತೆರೆದಾಗ ಫೈಲ್‌ಗಳನ್ನು ಎಲ್ಲಿ ಬಿಚ್ಚಿಡಬೇಕು ಎಂದು ಕೇಳುತ್ತದೆ. ಒಂದು ಖಾಲಿ ಫೋಲ್ಡರ್ ತೋರಿಸಿ, ನಂತರ ಅದರೊಳಗಿನ ಡಿಎಕ್ಸ್‌ಸೆಟಪ್ ಅನ್ನು ಓಡಿಸಿ. ಈ ಎರಡನೇ ಹೆಜ್ಜೆ ಮರೆತರೆ ಏನೂ ಇನ್‌ಸ್ಟಾಲ್ ಆಗಿರುವುದಿಲ್ಲ. 32-ಬಿಟ್, 64-ಬಿಟ್ ಎರಡನ್ನೂ ಅದೇ ಸರಿಯಾದ ಜಾಗದಲ್ಲಿ ಇಡುತ್ತದೆ.

2. ವಲ್ಕನ್-1 ಆಗಿದ್ದರೆ: ಇದು ಗ್ರಾಫಿಕ್ಸ್ ಡ್ರೈವರ್ ಜೊತೆ ಬರುತ್ತದೆ. ಎನ್‌ವಿಡಿಯಾ, ಎಎಂಡಿ, ಇಂಟೆಲ್, ಇವುಗಳಲ್ಲಿ ನಿಮ್ಮದು ಯಾವುದೋ ಆ ಕಂಪನಿಯ ತಾಣದಿಂದಲೇ ಹೊಸ ಡ್ರೈವರ್ ಹಾಕಿ. ವಲ್ಕನ್ ಬಂದಿದ್ದು 2016ರಲ್ಲಿ. ತೀರಾ ಹಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಅದರ ಸಾಮರ್ಥ್ಯವೇ ಇಲ್ಲದಿದ್ದರೆ ಯಾವ ಫೈಲ್ ತಂದು ಹಾಕಿದರೂ ಪ್ರಯೋಜನವಿಲ್ಲ.

3. ಡಿ3ಡಿ11 ಅಥವಾ ಡಿ3ಡಿ12 ಆಗಿದ್ದರೆ: ಇವು ವಿಂಡೋಸ್‌ನದೇ ಭಾಗ. ವಿಂಡೋಸ್ 10 ಅಥವಾ 11ರಲ್ಲಿ ಇವು ಇಲ್ಲವೆಂದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಎಂಬ ಕಮಾಂಡ್ ಅನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ವಿಂಡೋಸ್‌ನ ಸ್ವಂತ ಫೈಲ್‌ಗಳು ದುರಸ್ತಿಯಾಗುತ್ತವೆ. ಡೈರೆಕ್ಟ್ಎಕ್ಸ್ 12 ಬಂದಿದ್ದು 2015ರಲ್ಲಿ, ವಿಂಡೋಸ್ 10ರ ಜೊತೆ. ವಿಂಡೋಸ್ 7ಕ್ಕೆ ಆ ಫೈಲ್ ಅಂಟಿಸಿ ಉಪಯೋಗವಿಲ್ಲ.

4. ಎಂಎಸ್‌ವಿಸಿಪಿ140 ಅಥವಾ ವಿಸಿರನ್‌ಟೈಮ್140 ಆಗಿದ್ದರೆ: ಇದು ಗ್ರಾಫಿಕ್ಸ್‌ಗೆ ಸಂಬಂಧಿಸಿದ್ದಲ್ಲ. ಮೈಕ್ರೋಸಾಫ್ಟ್ ತಾಣದ ‘ವಿಷುಯಲ್ ಸಿ++ ರಿಡಿಸ್ಟ್ರಿಬ್ಯೂಟಬಲ್’ ಪ್ಯಾಕೇಜ್ ಬೇಕು. ಎಕ್ಸ್86 ಮತ್ತು ಎಕ್ಸ್64 ಎರಡನ್ನೂ ಹಾಕಿ.

5. ಗೇಮ್‌ನದೇ ಫೈಲ್ ಇಲ್ಲದಿದ್ದರೆ: ಸ್ಟೀಮ್‌ನಲ್ಲಿ ಕೊಂಡ ಗೇಮ್ ಆದರೆ ಅದರ ಪ್ರಾಪರ್ಟೀಸ್‌ನಲ್ಲಿ ‘ವೆರಿಫೈ ಇಂಟೆಗ್ರಿಟಿ ಆಫ್ ಗೇಮ್ ಫೈಲ್ಸ್’ ಒತ್ತಿ, ಬಿಟ್ಟುಹೋದ ಫೈಲ್‌ಗಳು ಮತ್ತೆ ಬರುತ್ತವೆ. ಕ್ರ್ಯಾಕ್ ಮಾಡಿದ ಗೇಮ್‌ಗಳಲ್ಲಿ ಇಂಥ ಫೈಲ್‌ಗಳನ್ನೇ ತಿದ್ದಿರುತ್ತಾರೆ, ಆಂಟಿವೈರಸ್ ಅವನ್ನು ಎತ್ತಿ ಬದಿಗಿಡುತ್ತದೆ. ಅಂಥ ಫೈಲ್ ಅನ್ನು ವಾಪಸ್ ತಂದು ಹಾಕುವುದು ಗೊತ್ತಿದ್ದೂ ಬೆಂಕಿಗೆ ಕೈ ಇಟ್ಟಂತೆ.

ಈಗಾಗಲೇ ಹಾಕಿಬಿಟ್ಟಿದ್ದರೆ?

ಗಾಬರಿ ಬೇಡ, ಆದರೆ ತಡವೂ ಬೇಡ. ಆ ಫೈಲ್ ಅಳಿಸಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಫುಲ್ ಸ್ಕ್ಯಾನ್ ಮಾಡಿ. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಆ ಕಂಪ್ಯೂಟರ್‌ನಲ್ಲಿ ಬದಲಿಸಬೇಡಿ, ನಿಮ್ಮ ಫೋನ್‌ನಿಂದ ಬದಲಿಸಿ. ಮಕ್ಕಳು ಹೀಗೆ ಮಾಡಿದ್ದು ಗೊತ್ತಾದರೆ ಬೈಯುವುದಕ್ಕಿಂತ ಯಾವ ಲಿಂಕ್‌ನಿಂದ ತಂದರು ಎಂದು ಸಮಾಧಾನವಾಗಿ ಕೇಳಿ. ಬೈಗುಳಕ್ಕೆ ಹೆದರಿದರೆ ಮುಂದಿನ ಸಲ ಹೇಳುವುದೇ ಇಲ್ಲ. ಖಾತೆಯಿಂದ ಹಣ ಹೋಗಿದ್ದರೆ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ನಿಮ್ಮ ಗುಂಪಿಗೆ ‘ಡಿಎಲ್‌ಎಲ್ ಫಿಕ್ಸ್’ ಎಂಬ ಜಿಪ್ ಫೈಲ್ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಕಳಿಸಿದವರು ಒಳ್ಳೆಯ ಮನಸ್ಸಿನಿಂದಲೇ ಕಳಿಸಿರಬಹುದು, ಆದರೆ ಆ ಫೈಲ್ ಎಲ್ಲಿಂದ ಬಂತು ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಗೇಮ್ ಕೇಳುವ ಫೈಲ್ ಯಾರು ತಯಾರಿಸಿದ್ದೋ ಅವರಲ್ಲಿಂದಲೇ ತನ್ನಿ. ಅಸಲಿ ಪ್ಯಾಕೇಜ್ ಉಚಿತವಾಗಿಯೇ ಸಿಗುವಾಗ ಅಪರಿಚಿತರ ಫೈಲ್ ನಂಬುವ ಅಗತ್ಯವಿಲ್ಲ.